ಸಾನ್ ಲೊರೆನ್ಸೊ: ಬಯಲು ಕಳೆದುಕೊಂಡ ಒಂದು ಕಾಲ್ಚೆಂಡಿನ ಸಂಘ

ಆಟವೆಂದರೆ ಹೊತ್ತು ಕಳೆಯುವ ಸಾಧನವೆಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಓದುವ ಹುಡುಗ ಮೈದಾನದ ಕಡೆ ಹೆಚ್ಚು ಹೊರಳಿದರೆ ಹಿರಿಯರ ಹುಬ್ಬು ಗಂಟಿಕ್ಕುವುದೂ ಉಂಟು. ಆದರೆ ಒಂದು ಊರಿನ ಸಾಮಾನ್ಯ ಜನ ಹೇಗೆ ಬದುಕಿದರು, ಯಾವುದಕ್ಕಾಗಿ ಸೆಣಸಿದರು, ಏನನ್ನು ಕಳೆದುಕೊಂಡು ಮರುಗಿದರು ಎಂಬುದನ್ನು ಅರಿಯಬೇಕಾದರೆ ಸರಕಾರದ ದಫ್ತರಗಳನ್ನಷ್ಟೇ ನೋಡಿದರೆ ಸಾಲದು. ಅವರ ಆಟದ ಬಯಲನ್ನೂ ನೋಡಬೇಕು. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಈ ಮಾತು ಮನದಟ್ಟಾದುದು ದಕ್ಷಿಣ ಅಮೆರಿಕದ ಒಂದು ಕಾಲ್ಚೆಂಡಿನ ಸಂಘದ ಚರಿತ್ರೆಯನ್ನು ಓದಿದಾಗ. ಅದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಅರ್ಜೆಂಟೀನ ಎಂದೊಡನೆ ನಮ್ಮ ಗೆಳೆಯರ ನಾಲಗೆಯ ಮೇಲೆ ಮರಡೋನ, ಮೆಸ್ಸಿ ಎಂಬ ಹೆಸರುಗಳು ಕುಣಿಯುತ್ತವೆ. ಇನ್ನೂ ಸ್ವಲ್ಪ ಬಲ್ಲವರು ಬೋಕಾ ಜೂನಿಯರ್ಸ್ ಮತ್ತು ರಿವರ್ ಪ್ಲೇಟ್ ಸಂಘಗಳ ಹಗೆತನದ ಮಾತನ್ನೆತ್ತುತ್ತಾರೆ. ಅವೆರಡರ ಕೀರ್ತಿ ದೊಡ್ಡದು, ನಿಜ. ಆದರೆ ಅದೇ ಬ್ಯೂನಸ್ ಐರಿಸ್ ನಗರದ ‘ಸಾನ್ ಲೊರೆನ್ಸೊ ದೆ ಅಲ್ಮಾಗ್ರೊ’ ಎಂಬ ಸಂಘದ ಕಥೆಯಲ್ಲಿ ಇರುವಷ್ಟು ಏಳುಬೀಳು ಬೇರೆಡೆ ಸಿಕ್ಕುವುದು ವಿರಳ. ಬೀದಿಯ ಹುಡುಗರಿಂದ ಹುಟ್ಟಿ, ದೇಶದ ಐದು ಮಹಾಸಂಘಗಳಲ್ಲಿ ಒಂದೆನಿಸಿ, ನಿಂತ ನೆಲವನ್ನೇ ಕಳೆದುಕೊಂಡು, ಅದನ್ನು ಕಾಯಿದೆಯ ಮೂಲಕ ಮರಳಿ ಪಡೆಯಲು ಹೊರಟ ಸಂಘ ಇದು.

ಮೊದಲು ಹಿನ್ನೆಲೆಯನ್ನು ತಿಳಿಯೋಣ. ಕಾಲ್ಚೆಂಡಾಟವನ್ನು ಅರ್ಜೆಂಟೀನಕ್ಕೆ ತಂದವರು ಇಂಗ್ಲಿಷರು. ರೈಲುದಾರಿ ಹಾಕಲು, ವ್ಯಾಪಾರ ಮಾಡಲು, ಶಾಲೆ ನಡೆಸಲು ಬಂದ ಬ್ರಿಟಿಷರು ಚೆಂಡನ್ನೂ ಜೊತೆಗೆ ತಂದರು. 1891ರಷ್ಟು ಹಿಂದೆಯೇ ಅಲ್ಲಿ ಲೀಗ್ ಪಂದ್ಯಾವಳಿ ನಡೆದಿತ್ತು. ಆಗ ಅದು ದೊರೆಗಳ ಆಟ. ಆದರೆ ಅದೇ ವರ್ಷಗಳಲ್ಲಿ ಇಟಲಿಯಿಂದಲೂ ಸ್ಪೇನಿನಿಂದಲೂ ಬಡವರು ಹಡಗುಗಟ್ಟಲೆ ಬಂದು ಬ್ಯೂನಸ್ ಐರಿಸ್ಸಿನ ಕೇರಿಗಳಲ್ಲಿ ನೆಲೆಸುತ್ತಿದ್ದರು. ಊರು ಬಿಟ್ಟು ಬಂದವರಿಗೆ ಹೊಸ ಊರಿನಲ್ಲಿ ‘ನಮ್ಮದು’ ಎನ್ನಲು ಏನಾದರೊಂದು ಬೇಕು. ಆ ‘ನಮ್ಮದು’ ಕೇರಿಯ ಕಾಲ್ಚೆಂಡಿನ ಸಂಘವಾಯಿತು. ಒಂದೇ ನಗರದಲ್ಲಿ ಇಷ್ಟೊಂದು ದೊಡ್ಡ ಸಂಘಗಳು ಇರುವುದಕ್ಕೂ, ಅವುಗಳ ನಡುವೆ ಇಷ್ಟೊಂದು ಪೈಪೋಟಿ ಇರುವುದಕ್ಕೂ ಕಾರಣ ಇದೇ. ಎದುರಾಳಿ ಬೇರೆ ದೇಶದವನಲ್ಲ, ಪಕ್ಕದ ಕೇರಿಯವನು. ಪಂದ್ಯ ಸೋತರೆ ಮರುದಿನ ಕಾರ್ಖಾನೆಯಲ್ಲಿ ಅವನ ಮುಖವನ್ನೇ ನೋಡಬೇಕು!

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಅರ್ಜೆಂಟೀನದ ಇಂಥ ಸಂಘಗಳಿಗೆ ಬಹುಮಟ್ಟಿಗೆ ಒಬ್ಬ ಒಡೆಯನಿಲ್ಲ. ಸದಸ್ಯರು ಚಂದಾ ಕೊಡುತ್ತಾರೆ, ಅಧ್ಯಕ್ಷನನ್ನು ಚುನಾವಣೆಯಲ್ಲಿ ಆರಿಸುತ್ತಾರೆ. ನಮ್ಮ ಕಡೆಯ ಸಹಕಾರ ಸಂಘವನ್ನು ನೆನೆದರೆ ಇದರ ಸ್ವರೂಪ ತಿಳಿದೀತು. ಆದುದರಿಂದ ಅಲ್ಲಿಯ ಅಭಿಮಾನಿ ‘ನನ್ನ ಸಂಘ’ ಎಂದರೆ ಅದು ಬರಿಯ ಮಾತಲ್ಲ.

ಈಗ ಕಥೆಗೆ ಬರೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಮಾಗ್ರೊ ಎಂಬ ಕೇರಿಯಲ್ಲಿ ಕೆಲವು ಹುಡುಗರು ಬೀದಿಯಲ್ಲೇ ಚೆಂಡಾಡುತ್ತಿದ್ದರು. ಆ ಬೀದಿಗಳಲ್ಲಿ ಟ್ರಾಮು ಓಡುತ್ತಿತ್ತು. ಒಂದು ದಿನ ಆಟದ ಭರದಲ್ಲಿದ್ದ ಹುಡುಗನೊಬ್ಬ ಟ್ರಾಮಿಗೆ ಸಿಕ್ಕಿ ಸಾಯುವುದರಲ್ಲಿದ್ದ. ಇದನ್ನು ಕಂಡ ಲೊರೆನ್ಸೊ ಮಾಸ್ಸಾ ಎಂಬ ಪಾದ್ರಿಗೆ ಎದೆ ಝಲ್ಲೆಂದಿತು. ಅವರು ಹುಡುಗರನ್ನು ಕರೆದು, ತಮ್ಮ ಪ್ರಾರ್ಥನಾಮಂದಿರದ ಹಿಂದಣ ಅಂಗಳದಲ್ಲಿ ಆಡಿಕೊಳ್ಳಲು ಬಿಟ್ಟರು. ಷರತ್ತು ಒಂದೇ: ಭಾನುವಾರ ಪೂಜೆಗೆ ಬರಬೇಕು. ಹುಡುಗರು ಒಪ್ಪಿದರು. 1908ರ ಏಪ್ರಿಲ್ 1ರಂದು ಸಂಘ ವಿಧ್ಯುಕ್ತವಾಗಿ ಸ್ಥಾಪಿತವಾಯಿತು.

ಹೆಸರಿನ ಪ್ರಶ್ನೆ ಬಂದಾಗ ಹುಡುಗರು ಪಾದ್ರಿಯ ಹೆಸರನ್ನೇ ಇಡಬೇಕೆಂದರು. ಅವರು ಒಪ್ಪಲಿಲ್ಲ. ಕೊನೆಗೆ ‘ಸಾನ್ ಲೊರೆನ್ಸೊ’ ಎಂಬ ಹೆಸರು ನಿಂತಿತು. ಅದು ಸಂತ ಲಾರೆನ್ಸನ ಹೆಸರು. ಅರ್ಜೆಂಟೀನದ ಸ್ವಾತಂತ್ರ್ಯವೀರ ಸಾನ್ ಮಾರ್ಟಿನ್ 1813ರಲ್ಲಿ ಸ್ಪೇನಿನವರನ್ನು ಸೋಲಿಸಿದ ರಣಭೂಮಿಯ ಹೆಸರೂ ಹೌದು. ಹುಡುಗರ ಮನಸ್ಸಿನಲ್ಲಿ ಮಾತ್ರ ಅದು ತಮಗೆ ಅಂಗಳ ಕೊಟ್ಟ ಪಾದ್ರಿಯ ಹೆಸರೇ ಆಗಿ ಉಳಿದಿರಬೇಕು. ನಮ್ಮ ಕಾರ್ಕಳದ ಬಳಿಯ ಅತ್ತೂರಿನಲ್ಲಿ ಪ್ರತಿವರ್ಷ ಜನವರಿಯಲ್ಲಿ ನಾನಾ ಮತದ ಜನ ಕೂಡುವ ಜಾತ್ರೆಯೂ ಈ ಸಂತ ಲಾರೆನ್ಸನದೇ ಎಂಬುದನ್ನು ವಾಚಕರು ಬಲ್ಲರು. ಪಾದ್ರಿಯ ಕರಿಯ ನಿಲುವಂಗಿಯಿಂದಾಗಿ ಈ ಸಂಘದವರಿಗೆ ‘ಕಾಗೆಗಳು’ ಎಂಬ ಅಡ್ಡಹೆಸರು ಬಂದಿತು. ಹಂಗಿಸಲೆಂದು ಇಟ್ಟ ಹೆಸರನ್ನೇ ಅವರು ಬಿರುದಿನಂತೆ ಧರಿಸಿದರು.

1915ರಲ್ಲಿ ಸಂಘ ಮೊದಲ ದರ್ಜೆಗೆ ಏರಿತು. ಮರುವರ್ಷ, ಅಂದರೆ 1916ರಲ್ಲಿ, ಬೊಯೆದೊ ಎಂಬ ಕೇರಿಯ ಲಾ ಪ್ಲಾಟಾ ಹೆದ್ದಾರಿಯ ಮಗ್ಗುಲಲ್ಲಿ ಅದರ ಸ್ವಂತ ಮೈದಾನ ಸಿದ್ಧವಾಯಿತು. ಕಾಲಕ್ರಮದಲ್ಲಿ ಅದರ ಸುತ್ತ ಕಬ್ಬಿಣದ ಚೌಕಟ್ಟು, ಮರದ ಹಲಗೆಗಳ ಎತ್ತರದ ಗ್ಯಾಲರಿಗಳು ಎದ್ದವು. ದೂರದಿಂದ ನೋಡಿದರೆ ಅನಿಲ ತುಂಬಿಡುವ ದೊಡ್ಡ ತೊಟ್ಟಿಯಂತೆ ಕಾಣುತ್ತಿದ್ದುದರಿಂದ ಜನ ಅದನ್ನು ‘ಗಾಸೊಮೆತ್ರೊ’ ಎಂದರು. ಲಂಡನ್ನಿನ ವೆಂಬ್ಲಿಗೆ ಅದನ್ನು ಹೋಲಿಸಿ ಹೊಗಳುತ್ತಿದ್ದುದೂ ಉಂಟು. 1937ರಲ್ಲಿ ದಕ್ಷಿಣ ಅಮೆರಿಕದ ಪ್ರಶಸ್ತಿಗಾಗಿ ಅರ್ಜೆಂಟೀನ ಮತ್ತು ಬ್ರಜಿಲ್ ಸೆಣಸಿದ್ದು ಇಲ್ಲಿಯೇ. ಹೆಚ್ಚುವರಿ ವೇಳೆಯಲ್ಲಿ ಎರಡು ಗೋಲು ಹೊಡೆದು ಅರ್ಜೆಂಟೀನ ಗೆದ್ದಿತು. ಗಾಸೊಮೆತ್ರೊ ಬರಿಯ ಚೆಂಡಿನ ಮೈದಾನವಾಗಿರಲಿಲ್ಲ. ಬೇರೆ ಆಟಗಳೂ, ಹಬ್ಬದ ದಿನಗಳ ನೃತ್ಯಕೂಟಗಳೂ ಅಲ್ಲಿ ನಡೆಯುತ್ತಿದ್ದವು. ದುಡಿದು ದಣಿದ ಕೇರಿಯವರಿಗೆ ಅದು ಸಂಜೆಯ ಮನೆಯಾಗಿತ್ತು.

ಇನ್ನು ಪೈಪೋಟಿಯ ವಿಷಯ. ಸಾನ್ ಲೊರೆನ್ಸೊಗೆ ಪರಮ ಎದುರಾಳಿ ಬೋಕಾವೂ ಅಲ್ಲ, ರಿವರ್ ಪ್ಲೇಟೂ ಅಲ್ಲ. ನೆರೆಯ ಪಾರ್ಕೆ ಪತ್ರಿಸಿಯೊಸ್ ಕೇರಿಯ ‘ಉರಾಕಾನ್’. ಅದೂ ಹುಟ್ಟಿದ್ದು 1908ರಲ್ಲಿಯೇ. ಹೋರ್ಹೆ ನ್ಯೂಬೆರಿ ಎಂಬ ಸಾಹಸಿ 1909ರಲ್ಲಿ ‘ಉರಾಕಾನ್’ ಎಂಬ ಬೆಲೂನಿನಲ್ಲಿ ಒಬ್ಬನೇ ಕುಳಿತು ಬ್ಯೂನಸ್ ಐರಿಸ್ಸಿನ ಕಡೆಯಿಂದ ಬ್ರಜಿಲ್ಲಿನವರೆಗೆ ಹಾರಿಹೋಗಿದ್ದ. ಆ ಬೆಲೂನೇ ಇವರ ಲಾಂಛನ. ‘ಉರಾಕಾನ್’ ಎಂದರೆ ಬಿರುಗಾಳಿ. ಅದಕ್ಕೆ ಸೊಪ್ಪು ಹಾಕದ ಸಾನ್ ಲೊರೆನ್ಸೊದವರಿಗೆ ‘ಚಂಡಮಾರುತ’ ಎಂಬ ಬಿರುದು ಬಂತು. ಗಾಳಿಯ ಹೆಸರಿನಲ್ಲಿಯೂ ಒಬ್ಬರನ್ನೊಬ್ಬರು ಮೀರಿಸುವ ಹಟ ನೋಡಿ! 1915ರಲ್ಲಿ ಇವರಿಬ್ಬರ ಮೊದಲ ಭೇಟಿಯಾಯಿತು. ಮುಂದಿನ ದಶಕದಲ್ಲಂತೂ ಇಬ್ಬರೂ ಸರದಿಯಂತೆ ದೇಶದ ಪ್ರಶಸ್ತಿಯನ್ನು ಹಂಚಿಕೊಂಡರು. ಉರಾಕಾನ್ 1921, 1922, 1925 ಮತ್ತು 1928ರಲ್ಲಿ ಗೆದ್ದರೆ, ಸಾನ್ ಲೊರೆನ್ಸೊ 1923, 1924 ಮತ್ತು 1927ರಲ್ಲಿ ಗೆದ್ದಿತು. ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಇಷ್ಟು ಎತ್ತರಕ್ಕೆ ಏರುತ್ತಿದ್ದರೋ ಇಲ್ಲವೋ ಎಂಬ ಸಂದೇಹ ಈ ಇಸವಿಗಳನ್ನು ಸಾಲಾಗಿ ಬರೆದಾಗ ನನಗೆ ಬಂದಿತು.

ಕಲಾ ಕಾಲೇಜಿನ ವಿದ್ಯಾರ್ಥಿಗಳಾದ ನಮಗೆ ರುಚಿಸುವ ಒಂದು ಮಾತನ್ನು ಇಲ್ಲಿ ಸೇರಿಸಬಹುದು. ಇದೇ 1920ರ ದಶಕದಲ್ಲಿ ಬ್ಯೂನಸ್ ಐರಿಸ್ಸಿನ ಸಾಹಿತಿಗಳಲ್ಲಿಯೂ ಎರಡು ಬಣಗಳಿದ್ದವು. ಹೊಸ ಬಗೆಯ ಕಾವ್ಯಪ್ರಯೋಗಗಳನ್ನು ಮೆಚ್ಚಿದವರನ್ನು ನಗರದ ಸಿರಿವಂತ ಬೀದಿಯ ಹೆಸರಿನಿಂದ ‘ಫ್ಲೊರಿದಾ’ ಬಣವೆಂದು ಕರೆಯುತ್ತಿದ್ದರು. ಬೋರ್ಹೆಸ್ ಅವರನ್ನು ಇದರಲ್ಲಿ ಎಣಿಸುತ್ತಾರೆ. ದುಡಿಯುವವರ ಬದುಕನ್ನು ಬರೆಯಬೇಕೆಂದವರದು ‘ಬೊಯೆದೊ’ ಬಣ. ಗಾಸೊಮೆತ್ರೊ ಇದ್ದ ಕೇರಿಯ ಹೆಸರು ಹೀಗೆ ಸಾಹಿತ್ಯಚರಿತ್ರೆಯಲ್ಲಿಯೂ ಸೇರಿಹೋಯಿತು. ಚೆಂಡಿನಲ್ಲಿಯೂ ಲೇಖನಿಯಲ್ಲಿಯೂ ಬೊಯೆದೊ ಎಂದರೆ ಶ್ರಮಿಕರ ಕೇರಿ ಎಂದೇ ಅರ್ಥ.

1937ರಲ್ಲಿ ಅರ್ಜೆಂಟೀನದ ಕಾಲ್ಚೆಂಡು ಮಹಾಮಂಡಲಿಯು ಸದಸ್ಯಬಲ, ಗೆದ್ದ ಪ್ರಶಸ್ತಿ ಮುಂತಾದುವನ್ನು ಗಣಿಸಿ ಐದು ಸಂಘಗಳಿಗೆ ಮೂರು ಮೂರು ಮತಗಳ ಹಕ್ಕನ್ನು ಕೊಟ್ಟಿತು. ಬೋಕಾ, ರಿವರ್ ಪ್ಲೇಟ್, ರಾಸಿಂಗ್, ಇಂಡಿಪೆಂಡಿಯೆಂಟೆ ಮತ್ತು ಸಾನ್ ಲೊರೆನ್ಸೊ, ಇವೇ ಆ ‘ಪಂಚ ಮಹಾಸಂಘಗಳು’. ಪಾದ್ರಿಯ ಅಂಗಳದ ಹುಡುಗರ ತಂಡ ಮೂವತ್ತು ವರ್ಷ ತುಂಬುವುದರೊಳಗೆ ಈ ಪಂಕ್ತಿಯಲ್ಲಿ ಕುಳಿತಿತ್ತು.

ಅದರ ಸುವರ್ಣಯುಗದ ಎರಡು ಪ್ರಸಂಗಗಳನ್ನು ಮಾತ್ರ ಹೇಳುತ್ತೇನೆ. ಸ್ಪೇನಿನ ಅಂತರ್ಯುದ್ಧದಿಂದ ನೆಲೆ ತಪ್ಪಿದ ಇಸಿದ್ರೊ ಲಾಂಗಾರ ಎಂಬ ಬಾಸ್ಕ್ ಆಟಗಾರ 1939ರ ಮೇ ತಿಂಗಳಲ್ಲಿ ಹಡಗಿನಿಂದಿಳಿದು ಅದೇ ದಿನ ಸಾನ್ ಲೊರೆನ್ಸೊ ಅಂಗಿ ತೊಟ್ಟು ರಿವರ್ ಪ್ಲೇಟಿನ ಮೇಲೆ ನಾಲ್ಕು ಗೋಲು ಹೊಡೆದ. ಎರಡನೆಯದು 1946ರ ತಂಡದ್ದು. ಫಾರೊ, ಪೊಂತೋನಿ, ಮಾರ್ತಿನೊ ಎಂಬ ಮೂವರು ಮುಂಪಡೆಯವರನ್ನು ‘ಚಿನ್ನದ ತ್ರಯ’ವೆಂದು ಕರೆಯುತ್ತಿದ್ದರು. ಆ ವರ್ಷ ದೇಶದ ಪ್ರಶಸ್ತಿ ಗೆದ್ದ ತಂಡ ಸ್ಪೇನ್ ಮತ್ತು ಪೋರ್ಚುಗಲ್ ಪ್ರವಾಸಕ್ಕೆ ಹೋಗಿ, 1947ರ ಆರಂಭದಲ್ಲಿ ಸ್ಪೇನಿನ ಆಯ್ದ ತಂಡವನ್ನು 7-5ರಿಂದ ಒಮ್ಮೆ, 6-1ರಿಂದ ಇನ್ನೊಮ್ಮೆ ಸೋಲಿಸಿತು. ವಲಸೆಗಾರರ ಮಕ್ಕಳು ತಮ್ಮ ಹಿರಿಯರು ಬಡತನದಿಂದ ಬಿಟ್ಟುಬಂದ ನೆಲಕ್ಕೆ ಹೋಗಿ ಆಟ ಕಲಿಸಿ ಬಂದರು! ಆ ವರ್ಷ ತಂದೆಯ ಕೈಹಿಡಿದು ಗಾಸೊಮೆತ್ರೊಗೆ ಹೋಗುತ್ತಿದ್ದ ಹತ್ತು ವರ್ಷದೊಳಗಿನ ಹುಡುಗನೊಬ್ಬನಿದ್ದ. ಹೆಸರು ಹೋರ್ಹೆ ಬೆರ್ಗೊಲಿಯೊ. 2013ರಲ್ಲಿ ಪೋಪ್ ಫ್ರಾನ್ಸಿಸ್ ಆದವರು ಅವರೇ. ಪೊಂತೋನಿಯ ಆಟವನ್ನು ಅವರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು.

ಆಮೇಲೆ ಸಾನ್‌ಫಿಲಿಪ್ಪೊ ಎಂಬ ಗೋಲುವೀರನ ಕಾಲ ಬಂತು. 1958ರಿಂದ 1961ರವರೆಗೆ ನಾಲ್ಕು ವರ್ಷ ಲೀಗಿನಲ್ಲಿ ಅತ್ಯಧಿಕ ಗೋಲು ಅವನದೇ. 1968ರಲ್ಲಿ ಸಂಘ ಒಂದು ಪಂದ್ಯವನ್ನೂ ಸೋಲದೆ ಪ್ರಶಸ್ತಿ ಪಡೆಯಿತು. 1972ರಲ್ಲಿ ಒಂದೇ ವರ್ಷದ ಎರಡು ಪ್ರಶಸ್ತಿಗಳನ್ನೂ ಗೆದ್ದಿತು; ಅದಕ್ಕೆ ಮೊದಲು ಯಾರೂ ಹಾಗೆ ಗೆದ್ದಿರಲಿಲ್ಲ. 1974ರಲ್ಲಿ ಮತ್ತೊಂದು ಬಂತು. ಇಲ್ಲಿಗೆ ಏರು ಮುಗಿಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ಸಂಘದ ಆಡಳಿತ ಮರೆತಿತ್ತು. ಸಾಲ ಬೆಳೆಯಿತು. 1976ರ ಮಾರ್ಚಿಯಲ್ಲಿ ದೇಶವೇ ಸೈನ್ಯದ ಕೈಗೆ ಹೋಯಿತು. 1983ರವರೆಗೆ ನಡೆದ ಆ ಆಳ್ವಿಕೆಯಲ್ಲಿ ಸಾವಿರಾರು ಜನ ಕಣ್ಮರೆಯಾದರು. ಬ್ಯೂನಸ್ ಐರಿಸ್ ನಗರವನ್ನು ಆಳಲು ನೇಮಕವಾದ ಓಸ್ವಾಲ್ಡೊ ಕಾಚ್ಚಾತೋರೆ ಎಂಬ ಸೇನಾಧಿಕಾರಿ ನಗರದ ರೂಪವನ್ನೇ ಬದಲಿಸಲು ಹೊರಟಿದ್ದ. ಗಾಸೊಮೆತ್ರೊ ಇರುವ ಜಾಗದಲ್ಲಿ ರಸ್ತೆಗಳನ್ನು ತೆಗೆಯಬೇಕೆಂಬ ಯೋಜನೆ ಬಂತು. ಒಂದು ಕಡೆ ಸಾಲದ ಒತ್ತಡ, ಇನ್ನೊಂದು ಕಡೆ ಸರಕಾರದ ಒತ್ತಡ. ಬಡವನ ಕೋಪ ದವಡೆಗೆ ಮೂಲವೆಂಬಂತೆ ಆ ಕಾಲದಲ್ಲಿ ಎದುರು ಮಾತಾಡುವುದೇ ಅಪಾಯ. 1979ರ ಡಿಸೆಂಬರ್ 2ರಂದು ಬೋಕಾದೊಡನೆ ನಡೆದ ಪಂದ್ಯ ಗೋಲಿಲ್ಲದೆ ಸಮವಾಯಿತು. ಆ ಮೈದಾನದಲ್ಲಿ ನಡೆದ ಕೊನೆಯ ಪಂದ್ಯ ಅದೇ. ಅನಂತರ ಗ್ಯಾಲರಿಗಳನ್ನು ಕಳಚಿದರು. ಜಮೀನು ಕಡಮೆ ಬೆಲೆಗೆ ಕೈಬದಲಾಯಿತು. ಬಹುಬೇಗ ಅದರ ಹಲವು ಪಟ್ಟು ಬೆಲೆಗೆ ಫ್ರಾನ್ಸಿನ ಕಾರ್‌ಫೂರ್ ಕಂಪೆನಿಗೆ ಮಾರಾಟವಾಯಿತು. ಯೋಜನೆಯ ರಸ್ತೆಗಳು ಬರಲಿಲ್ಲ. 1985ರಲ್ಲಿ ಅಲ್ಲಿ ಒಂದು ದೊಡ್ಡ ಸೂಪರ್ ಮಾರ್ಕೆಟ್ ಬಾಗಿಲು ತೆರೆಯಿತು.

ಮನೆ ಹೋದ ಮೇಲೆ ಮಾನವೂ ಹೋಯಿತು. 1981ರಲ್ಲಿ ಸಾನ್ ಲೊರೆನ್ಸೊ ಎರಡನೆಯ ದರ್ಜೆಗೆ ಇಳಿಯಿತು. ಪಂಚ ಮಹಾಸಂಘಗಳಲ್ಲಿ ಹೀಗೆ ಇಳಿದದ್ದು ಅದೇ ಮೊದಲು. ಎದುರಾಳಿಗಳ ನಗೆಗೆ ಪಾರವೇ ಇರಲಿಲ್ಲ. ಆದರೆ ಇಲ್ಲಿಯೇ ಈ ಕಥೆಯ ಅತ್ಯಂತ ಸ್ವಾರಸ್ಯವಾದ ಭಾಗವಿರುವುದು. 1982ರಲ್ಲಿ, ಬಾಡಿಗೆಯ ಮೈದಾನಗಳಲ್ಲಿ ಆಡುತ್ತಿದ್ದ ಆ ಎರಡನೆಯ ದರ್ಜೆಯ ತಂಡವನ್ನು ನೋಡಲು ಹಿಂಡುಹಿಂಡಾಗಿ ಜನ ಬಂದರು. ಮೊದಲ ದರ್ಜೆಯ ಪಂದ್ಯಗಳಿಗೂ ಸೇರದಷ್ಟು ಜನ! ಗೆದ್ದಾಗ ಬರುವವರು ಎಲ್ಲೆಲ್ಲಿಯೂ ಇದ್ದಾರೆ. ಬಿದ್ದಾಗ ಹೆಚ್ಚಾಗಿ ಬರುವವರು ಎಷ್ಟು ಮಂದಿ? ತಂಡ ಒಂದೇ ವರ್ಷದಲ್ಲಿ ಮರಳಿ ಮೇಲೇರಿತು.

ಆ ಸೂಪರ್ ಮಾರ್ಕೆಟ್ಟಿನ ಬಗ್ಗೆ ಒಂದು ಕಥೆಯುಂಟು. ಈ ಸಂಘದ ಕಟ್ಟಾ ಅಭಿಮಾನಿಯಾಗಿದ್ದ ಕಾದಂಬರಿಕಾರ ಓಸ್ವಾಲ್ಡೊ ಸೊರಿಯಾನೊ ಅದನ್ನು ಹೇಳಿದರು, ಉರುಗ್ವೆಯ ಎದುವಾರ್ದೊ ಗಲಿಯಾನೊ ತಮ್ಮ ಪುಸ್ತಕದಲ್ಲಿ ಅದನ್ನು ಉಳಿಸಿದರು. ಮುದುಕನಾದ ಸಾನ್‌ಫಿಲಿಪ್ಪೊ ಒಮ್ಮೆ ಸೊರಿಯಾನೊ ಜೊತೆ ಆ ಅಂಗಡಿಗೆ ಹೋದನಂತೆ. ಸಾಮಾನು ಜೋಡಿಸಿದ ಸಾಲುಗಳ ನಡುವೆ ನಿಂತು, ಗೋಲು ಎಲ್ಲಿತ್ತು, ಚೆಂಡು ಎಲ್ಲಿಂದ ಬಂತು, ತಾನು ಹೇಗೆ ಒದ್ದೆ ಎಂದು ಒಂದು ಹಳೆಯ ಗೋಲನ್ನು ಕೊಳ್ಳಲು ಬಂದವರ ಮುಂದೆ ಅಭಿನಯಿಸಿ ತೋರಿಸಿದನಂತೆ. ಅಲ್ಲಿದ್ದವರಿಗೆ ಕಂಡದ್ದು ಡಬ್ಬಿ, ಸೀಸೆ. ಅವನ ಕಣ್ಣಿಗೆ ಕಂಡದ್ದು ಹುಲ್ಲು. ಜಮೀನಿನ ಕ್ರಯಪತ್ರದಲ್ಲಿ ಈ ಹುಲ್ಲಿಗೆ ಕಾಲಂ ಇರುವುದಿಲ್ಲ.

ಹದಿನಾಲ್ಕು ವರ್ಷ ಸಂಘಕ್ಕೆ ಸ್ವಂತ ಮೈದಾನವಿರಲಿಲ್ಲ. 1993ರ ಡಿಸೆಂಬರಿನಲ್ಲಿ ಬಾಹೊ ಫ್ಲೊರೆಸ್ ಎಂಬಲ್ಲಿ ‘ಹೊಸ ಗಾಸೊಮೆತ್ರೊ’ ತೆರೆಯಿತು. 1995ರಲ್ಲಿ, ಇಪ್ಪತ್ತೊಂದು ವರ್ಷಗಳ ಮೇಲೆ, ಪ್ರಶಸ್ತಿ ಮತ್ತೆ ಬಂತು. ಅಷ್ಟಕ್ಕೆ ಜನ ತೃಪ್ತರಾಗಬಹುದಿತ್ತು. ಆಗಲಿಲ್ಲ. ಹೊಸದು ಒಳ್ಳೆಯದೇ, ಆದರೆ ಬೊಯೆದೊ ನಮ್ಮದು ಎಂದರು. ಮೈದಾನವನ್ನು ಕಣ್ಣಾರೆ ಕಾಣದ ತರುಣರೇ ಮುಂದಾಗಿ ಕೂಗಿದರು. 2012ರ ಮಾರ್ಚ್ 8ರಂದು ಲಕ್ಷದಷ್ಟು ಅಭಿಮಾನಿಗಳು ಅಧ್ಯಕ್ಷರ ಭವನದ ಮುಂದಿನ ಪ್ಲಾಸಾ ದೆ ಮಾಯೊ ಚೌಕದಲ್ಲಿ ಸೇರಿದರು. ಅದೇ ವರ್ಷ ನವೆಂಬರ್ 15ರಂದು ನಗರದ ಶಾಸನಸಭೆ ‘ಐತಿಹಾಸಿಕ ಮರುಪಾವತಿ’ಯ ಕಾಯಿದೆಯನ್ನು ಅಂಗೀಕರಿಸಿತು. ಭೂಮಿ ಪುಕ್ಕಟೆಯಾಗಿ ಬರಲಿಲ್ಲವೆಂಬುದನ್ನು ಗಮನಿಸಬೇಕು. ಸಂಘ ಬೆಲೆ ಕೊಡಬೇಕಾಗಿತ್ತು. ಅಭಿಮಾನಿಗಳು ಒಬ್ಬೊಬ್ಬರೂ ಒಂದೊಂದು ಚದರ ಮೀಟರಿನ ಲೆಕ್ಕದಲ್ಲಿ ಹಣ ಕೂಡಿಸಿದರು. 2019ರ ಜುಲೈ 1ರಂದು ಜಮೀನು ಮರಳಿ ಸಂಘದ ಸ್ವಾಧೀನಕ್ಕೆ ಬಂತು.

ನಡುವೆ ಇನ್ನೊಂದು ಕೊರತೆಯೂ ನೀಗಿತು. ದಕ್ಷಿಣ ಅಮೆರಿಕದ ಸಂಘಗಳಿಗೆಲ್ಲ ಶಿಖರಪ್ರಾಯವಾದ ಲಿಬರ್ತದೋರೆಸ್ ಕಪ್ಪನ್ನು ಪಂಚ ಮಹಾಸಂಘಗಳಲ್ಲಿ ಗೆಲ್ಲದೆ ಉಳಿದಿದ್ದುದು ಸಾನ್ ಲೊರೆನ್ಸೊ ಒಂದೇ. ಸಂಘದ ಹೆಸರಿನ ಮೊದಲಕ್ಷರಗಳನ್ನೇ ಹಿಡಿದು ‘ಲಿಬರ್ತದೋರೆಸ್ ಇಲ್ಲದ ಸಂಘ’ ಎಂಬ ಅರ್ಥ ಬರುವಂತೆ ಎದುರಾಳಿಗಳು ವಿಸ್ತರಿಸಿ ಹಂಗಿಸುತ್ತಿದ್ದರು. 2014ರ ಆಗಸ್ಟ್ 13ರಂದು ಪರಾಗ್ವೆಯ ನಾಸಿಯೊನಾಲ್ ತಂಡದ ಮೇಲೆ ಓರ್ತಿಗೋಸ ಹೊಡೆದ ಒಂದು ಪೆನಾಲ್ಟಿ ಆ ಬಾಯಿಗಳನ್ನು ಮುಚ್ಚಿಸಿತು. ಆಟಗಾರರು ಕಪ್ಪನ್ನು ವ್ಯಾಟಿಕನ್ನಿಗೆ ಕೊಂಡೊಯ್ದು ಪೋಪರಿಗೆ ತೋರಿಸಿದರು. ಪೋಪ್ ಫ್ರಾನ್ಸಿಸ್ 2025ರ ಏಪ್ರಿಲ್ 21ರಂದು ನಿಧನರಾದರು. ಬೊಯೆದೊದಲ್ಲಿ ಕಟ್ಟಲು ಉದ್ದೇಶಿಸಿರುವ ಕ್ರೀಡಾಂಗಣಕ್ಕೆ ಅವರ ಹೆಸರಿಡುವುದೆಂದು ಸಂಘ ಪ್ರಕಟಿಸಿದೆ.

ಪೈಪೋಟಿಯ ಕರಾಳ ಮುಖವನ್ನು ಮರೆಮಾಚಿದರೆ ಲೇಖನ ಅರ್ಧಸತ್ಯವಾದೀತು. ಅರ್ಜೆಂಟೀನದಲ್ಲಿ ಅಭಿಮಾನ ಹಲವು ಸಲ ಹಿಂಸೆಯಾಗಿದೆ. ಪುಂಡರ ಗುಂಪುಗಳು ಸಂಘಗಳ ಬೆನ್ನೇರಿ ಕುಳಿತು ಕಾಸು ಮಾಡಿಕೊಂಡಿವೆ; ಪ್ರಾಣಗಳು ಹೋಗಿವೆ. 2013ರಲ್ಲಿ ಅಭಿಮಾನಿಯೊಬ್ಬ ಸತ್ತ ಮೇಲೆ, ಪರಸ್ಥಳದ ತಂಡದ ಅಭಿಮಾನಿಗಳು ಲೀಗ್ ಪಂದ್ಯಕ್ಕೆ ಬರಬಾರದೆಂಬ ನಿಷೇಧವನ್ನೇ ಹಾಕಬೇಕಾಯಿತು. ಅದು ಬಹುಕಾಲ ನಡೆಯಿತು. ಎದುರಾಳಿಯೇ ಬರಬಾರದೆಂದ ಮೇಲೆ ಪೈಪೋಟಿಗೆ ಅರ್ಥವೇನು? ಎದುರಿನ ಗ್ಯಾಲರಿ ಬರಿದಾದರೆ ನಮ್ಮ ಕೂಗಿಗೆ ಉತ್ತರ ಕೊಡುವವರು ಯಾರು? 1920ರ ದಶಕದ ಆ ಇಸವಿಗಳ ಸಾಲನ್ನು ಮತ್ತೆ ನೋಡಿದರೆ, ಉರಾಕಾನ್ ಇಲ್ಲದ ಸಾನ್ ಲೊರೆನ್ಸೊ ಅರ್ಧ ಸಾನ್ ಲೊರೆನ್ಸೊ ಎಂಬುದು ತಿಳಿಯುತ್ತದೆ.

ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಆಟದ ಬಯಲೊಂದು ಜುಟ್ಟಿನ ಮಲ್ಲಿಗೆ ಎಂದು ಕೆಲವರು ಹೇಳಬಹುದು. ನಾನು ಹಾಗೆ ತಿಳಿಯಲಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಹಿರಿಯರಿಗೆ ಸ್ವಂತದ್ದೆಂಬ ಆಸ್ತಿ ಅಷ್ಟಕ್ಕಷ್ಟೆ. ಅವರು ಧಾರಾಳವಾಗಿ ಅನುಭವಿಸಿದ್ದೆಲ್ಲ ಊರೊಟ್ಟಿನದು: ಗುಂಡುತೋಪು, ಕೆರೆ, ಶಾಲೆಯ ಬಯಲು. ನಾನು ಓದುತ್ತಿರುವ ಸರಕಾರಿ ಕಾಲೇಜು, ಅದರ ಪುಸ್ತಕ ಭಂಡಾರ, ಸಂಜೆ ನಾವು ಚೆಂಡಾಡುವ ಮೈದಾನ, ಇವೂ ಅಂಥವೇ. ಸಿರಿವಂತನಿಗೆ ತನ್ನ ಮನೆಯಲ್ಲೇ ತೋಟವಿರುತ್ತದೆ. ಬಡವನಿಗೆ ಊರಿನ ಬಯಲೇ ತೋಟ. ಆದುದರಿಂದ ಬಯಲು ಹೋದರೆ ಹೆಚ್ಚು ನಷ್ಟ ಬಡವನಿಗೇ. ಅಲ್ಮಾಗ್ರೊದ ಹುಡುಗರಿಗೆ ಪಾದ್ರಿ ಕೊಟ್ಟದ್ದು ಒಂದು ಅಂಗಳ ಮಾತ್ರ. ಆದರೆ ಅಂಗಳವಿದ್ದುದರಿಂದ ಸಂಘವಾಯಿತು, ಸಂಘದಿಂದ ಒಂದು ಕೇರಿಗೆ ಹೆಸರಾಯಿತು.

ಬೊಯೆದೊದ ಜನರಿಂದ ನಾವು ಕಲಿಯಬಹುದಾದುದು ಇಷ್ಟು: ಊರೊಟ್ಟಿನ ಜಾಗ ಕಾಗದದ ಮೇಲೆ ಕೈಬದಲಾಗಲು ಕೆಲವೇ ದಿನ ಸಾಕು, ಅದನ್ನು ಮರಳಿ ಪಡೆಯಲು ಅವರಿಗೆ ನಾಲ್ವತ್ತು ವರ್ಷ ಹಿಡಿಯಿತು. ಇರುವಾಗಲೇ ಕಾಯ್ದುಕೊಳ್ಳುವುದು ಸುಲಭ. ನಮ್ಮ ಕಾಲೇಜಿನ ಮೈದಾನದ ಅಂಚಿನಲ್ಲಿ ಬೆಳೆದ ಪಾರ್ಥೇನಿಯಂ ಕಳೆಯನ್ನು ಕಿತ್ತುಹಾಕಲು ಮುಂದಿನ ವರ್ಷದ ವಿದ್ಯಾರ್ಥಿಮಿತ್ರರು ವಾರಕ್ಕೊಂದು ಗಂಟೆ ಕೊಟ್ಟರೆ, ಈ ಲೇಖನ ಬರೆದುದು ಸಾರ್ಥಕವೆಂದು ಭಾವಿಸುತ್ತೇನೆ.